ಟವಲಿನ ಕೆಳಗೆ ಮಾರಿದ ರೋಡ್ ಎಂಜಿನ್ನು

ಆಗ ನನಗೆ ಇಪ್ಪತ್ತೆಂಟು. ಅರವತ್ತು ವರ್ಷದ ಹಿಂದಿನ ಮಾತು. ಗಂಡ ಸತ್ತು ಐದು ತಿಂಗಳಾಗಿತ್ತು. ಮನೆ ಮುಂದೆ ರೋಡ್ ಎಂಜಿನ್ನು ನಿಂತಿತ್ತು.

ರೋಡ್ ಎಂಜಿನ್ನು ಅಂದರೆ ಜಲ್ಲಿ ಮೇಲೆ ಉರುಳೋ ರೋಲರ್. ಈಗಿನ ಡೀಸೆಲ್ಲಿನದಲ್ಲ. ಸೌದೆ ಉರಿಸಿ, ನೀರು ಕಾಯಿಸಿ, ಹಬೆಯಲ್ಲಿ ಓಡಿಸೋದು. ಮುಂದೆ ಒಂದು ದಪ್ಪ ಉರುಳೆ, ಹಿಂದೆ ನನ್ನ ಎದೆ ಮಟ್ಟಕ್ಕೆ ಬರೋ ಎರಡು ಚಕ್ರ, ಮೇಲೆ ಹೊಗೆ ಕೊಳವೆ. ನನ್ನ ಗಂಡ ಮೊದಲು ಸರ್ಕಾರದ ರಸ್ತೆ ಕೆಲಸದಲ್ಲಿ ಅದರ ಡ್ರೈವರಾಗಿದ್ದ. ಹಳೇದಾಯ್ತು ಅಂತ ಅದನ್ನ ಹರಾಜಿಗೆ ಹಾಕಿದಾಗ ಇವನೇ ಕೂಗಿ ಹಿಡಿದ. ನನ್ನ ಕಾಸಿನ ಸರ, ಬಳೆ, ಓಲೆ ಎಲ್ಲಾ ಅದರೊಳಗೆ ಹೋಯ್ತು. ಆಮೇಲೆ ಏಳು ವರ್ಷ ಕಂಟ್ರಾಕ್ಟರುಗಳಿಗೆ ಬಾಡಿಗೆಗೆ ಓಡಿಸಿದ. ಪಾವಗಡದ ದಾರಿ, ಸಿರಾ ದಾರಿ, ಕೊರಟಗೆರೆ ದಾರಿ, ಎಲ್ಲಿ ಜಲ್ಲಿ ಹರಡಿದರೆ ಅಲ್ಲಿಗೆ. ಸೌದೆ ಹಾಕೋಕೆ ಆಳು ಇಟ್ಟರೆ ಕೂಲಿ ಕೊಡಬೇಕಲ್ಲ. "ಒಲೆಗೆ ಹಾಕೋಳು ಇದಕ್ಕೆ ಹಾಕಕಾಗಲ್ವಾ" ಅಂದ. ಹಾಕಿದೆ. ಮಕ್ಕಳಾಗಿರಲಿಲ್ಲ, ಹಂಗಾಗಿ ಅವನ ಹಿಂದೆ ತಿರುಗೋಕೆ ಅಡ್ಡಿಯೂ ಇರಲಿಲ್ಲ. ಎರಡು ವರ್ಷಕ್ಕೆ ಓಡಿಸೋದೂ ಬಂತು. ಅವನು ನೆರಳಲ್ಲಿ ಕೂತು ಬೀಡಿ ಸೇದಬೇಕಾದಾಗೆಲ್ಲ ನಾನು ಓಡಿಸ್ತಿದ್ದೆ.

ಮೂರು ದಿನ ಜ್ವರ ಬಂತು, ನಾಲ್ಕನೇ ದಿನ ಹೋದ. ಎಂಜಿನ್ನು ದೊಡ್ಡೇರಿ ಕಡೆ ರಸ್ತೆ ಪಕ್ಕದ ನಮ್ಮ ಗುಡಿಸಲ ಮುಂದೆ ನಿಂತುಬಿಟ್ಟಿತು. ಗಂಡಿಲ್ಲದ ಹೆಂಗಸಿನ ಹತ್ತಿರ ಯಾವ ಕಂಟ್ರಾಕ್ಟರೂ ಬಾಡಿಗೆಗೆ ಕೇಳೋಕೆ ಬರಲಿಲ್ಲ.

ಅಣ್ಣ ಬಂದು ಕೊರಟಗೆರೆಗೆ ಕರ್ಕೊಂಡು ಹೋದ. ಅಲ್ಲಿ ನಾಲ್ಕು ತಿಂಗಳು ಇದ್ದೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಬೆಳಿಗ್ಗೆ ಎದ್ದರೆ ಆ ಮನೆಯ ನೀರು, ಕಸ, ಕೊಟ್ಟಿಗೆ, ಮುದ್ದೆ ಎಲ್ಲಾ ನನ್ನದೇ. ಆದರೆ ಉಪ್ಪಿನ ಮಡಕೆಗೆ ಕೈ ಹಾಕಬೇಕಾದರೆ ಅತ್ತಿಗೆಯನ್ನ ಕೇಳಬೇಕು. ಒಂದು ದಿನ ಕೇಳದೆ ಹಾಕಿದೆ. ಅವಳು ಮಡಕೆಯನ್ನ ಎತ್ತಿ ಅಟ್ಟದ ಮೇಲೆ ಇಟ್ಟಳು. ಮಾರನೇ ವಾರ ನಾನು ಎಂಜಿನ್ನು ನೋಡಿ ಬರ್ತೀನಿ ಅಂತ ಹೇಳಿ ಬಂದವಳು ಗುಡಿಸಲಲ್ಲೇ ಉಳಿದೆ.

ಮಧುಗಿರಿಯಲ್ಲಿ ಬಸ್ಸು ನಿಲ್ಲೋ ಜಾಗದ ಹಿಂದೆ ಒಬ್ಬ ಮುದುಕನ ಹಿಟ್ಟಿನ ಮಿಷನ್ನು ಇತ್ತು. ಸೊಂಟ ಬಿದ್ದುಹೋಗಿ ಅವನು ಅದನ್ನ ಆಯಿಲ್ ಎಂಜಿನ್ ಸಮೇತ ಮಾರ್ತಿದ್ದ. ಮಳಿಗೆಯ ಹಿಂದೆ ಒಬ್ಬರು ಮಲಗೋಷ್ಟು ಕೋಣೆಯೂ ಇತ್ತು. ನಾನು ಹೋಗಿ ಕೇಳಿದೆ. ಅವನು ನನ್ನ ಕೈ ನೋಡಿದ, ಸೌದೆ ಹಾಕಿ ಹಾಕಿ ಸುಟ್ಟ ಕಲೆಗಳಿದ್ದವು. "ಶುಕ್ರವಾರದವರೆಗೆ ಇನ್ಯಾರಿಗೂ ಮಾತು ಕೊಡಲ್ಲ ಕಣಮ್ಮ, ಆಮೇಲೆ ನನ್ನ ಬೈಬ್ಯಾಡ" ಅಂದ. ರೋಡ್ ಎಂಜಿನ್ನು ಆ ಮಿಷನ್ನಿನ ಬೆಲೆಗೆ ಹೋದರೆ ನಾನು ಮಧುಗಿರಿಯಲ್ಲಿ, ಹೋಗದಿದ್ದರೆ ಕೊರಟಗೆರೆಯಲ್ಲಿ ಉಪ್ಪು ಕೇಳ್ಕೊಂಡು. ಅಷ್ಟೇ ಇದ್ದದ್ದು.

ಮೊದಲು ಗುಜರಿಯವನು ಬಂದ. ಒಡೆದು ತೂಕಕ್ಕೆ ಹಾಕ್ತೀನಿ ಅಂದ. ಅವನು ಹೇಳಿದ ಬೆಲೆಗೆ ಮಿಷನ್ನಿನ ಬೆಲ್ಟೂ ಬರ್ತಿರಲಿಲ್ಲ. ಆಮೇಲೆ ಯಾರೋ ಹೇಳಿ ಸಿರಾದ ಸಾಬರು ಬಂದರು. ಅವರು ದನದ ದಲ್ಲಾಳಿ. ಬಿಳೀ ಗಡ್ಡ, ಹೆಗಲ ಮೇಲೆ ಹಸಿರು ಟವಲು. ಎಂಜಿನ್ನಿನ ಸುತ್ತ ಮೂರು ಸಲ ಸುತ್ತಿದರು, ಚಕ್ರ ತಟ್ಟಿದರು, ಬೆಂಕಿ ಗೂಡಿನ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದರು.

"ನೀವು ದನದ ವ್ಯಾಪಾರದೋರು. ಇದನ್ನೇನು ಮಾರ್ತೀರ?" ಅಂದೆ.

"ಎತ್ತಾದ್ರೇನು, ಎಂಜಿನ್ನಾದ್ರೇನಮ್ಮ. ಎರಡಕ್ಕೂ ನೀರು ಕುಡಿಸ್ಬೇಕು, ಎರಡೂ ಉಸಿರು ಬಿಡ್ತವೆ. ಇದು ಸಗಣಿ ಹಾಕಲ್ಲ, ಅದೊಂದು ಫಾಯ್ದೆ."

"ಬೂದಿ ಹಾಕ್ತದೆ."

"ಬರಾಬರ್. ಅದನ್ನ ಗಿರಾಕಿಗೆ ಹೇಳ್ಬ್ಯಾಡಿ."

ಪಾವಗಡದ ಕಡೆ ಒಬ್ಬ ರಸ್ತೆ ಕಂಟ್ರಾಕ್ಟರ್ ಇದ್ದಾನೆ, ಅವನ ಎಂಜಿನ್ನು ಕೆಟ್ಟು ಕೂತಿದೆ, ಬುಧವಾರ ಕರ್ಕೊಂಡು ಬರ್ತೀನಿ ಅಂದರು. ಎರಡೂ ಕಡೆಯಿಂದ ದಲ್ಲಾಳಿ ದುಡ್ಡು ಅವರಿಗೆ. ಅದಕ್ಕೆ ನಾನು ಒಪ್ಪಿದೆ. "ಟವಲಿನ ಕೆಳಗೆ ಯಾರು ಕೈ ಕೊಡ್ತಾರೆ ನಿಮ್ಮ ಕಡೆಯಿಂದ?" ಅಂತ ಕೇಳಿದರು.

ಇದನ್ನ ಈಗಿನವರಿಗೆ ಹೇಳಬೇಕು. ದನದ ಸಂತೆಯಲ್ಲಿ ಬೆಲೆಯನ್ನ ಬಾಯಲ್ಲಿ ಆಡೋದಿಲ್ಲ. ದಲ್ಲಾಳಿ ಟವಲು ಹೊದಿಸಿ ಅದರ ಕೆಳಗೆ ಕೈ ಹಿಡಿತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಮೇಲೆ ಗೀರಿದರೆ ಅರ್ಧ. ನೂರೋ ಸಾವಿರವೋ ಅನ್ನೋದು ಮೊದಲೇ ಮಾತಾಗಿರುತ್ತೆ. ಬೇಡ ಅಂದರೆ ಕೈ ಸಡಿಲ ಬಿಡೋದು, ಒಪ್ಪಿದರೆ ಮುಷ್ಟಿ ಬಿಗಿ ಹಿಡಿಯೋದು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಷ್ಟೇ ಗೊತ್ತು. ಒಂದು ಸಲ ಮುಷ್ಟಿ ಬಿಗಿದರೆ ಮುಗೀತು, ಬ್ರಹ್ಮ ಬಂದರೂ ಬದಲಾಗಲ್ಲ. ಟವಲು ತೆಗೆಯೋವರೆಗೂ ಕೊಳ್ಳೋನು ದನದ ಹಗ್ಗ ಮುಟ್ಟಂಗಿಲ್ಲ. ಮುಟ್ಟಿದರೆ ಅವನಿಗೆ ಆಸೆ ಆಗಿದೆ ಅಂತ ಗೊತ್ತಾಗಿಬಿಡುತ್ತೆ.

ಹೆಂಗಸರು ಟವಲಿನ ಕೆಳಗೆ ಕೈ ಕೊಡಲ್ಲ. ಹೆಂಗಸು ಏನಾದರೂ ಮಾರೋದಾದರೆ ಗಂಡನೋ, ಅಪ್ಪನೋ, ಅಣ್ಣನೋ ಕೊಡಬೇಕು.

"ಬಾಯಲ್ಲೇ ಹೇಳ್ಬುಡಿ. ನಾನೂ ಬಾಯಲ್ಲೇ ಹೇಳ್ತೀನಿ" ಅಂದೆ.

ಸಾಬರು ಹೌಹಾರಿದರು. "ಅರೆ, ಊರೆಲ್ಲಾ ನಿಂತಿರೋವಾಗ ಬೆಲೆ ಕೂಗಿದ್ರೆ ನಾಳೆಯಿಂದ ನಂಗೆ ಯಾರಮ್ಮ ಕರೀತಾರೆ? ಅಣ್ಣ ಇಲ್ವಾ ನಿಮಗೆ?"

"ಅವ್ನೆ. ಅವನ ಕೈ ಬ್ಯಾಡ."

"ಯಾಕೆ? ಕೈ ಸರಿಯಾಗಿಲ್ವಾ?"

"ಕೈ ಸರಿಯಾಗೇ ಐತೆ. ನಾನು ಕೊರಟಗೆರೆಗೆ ವಾಪಸ್ಸು ಬರಬೇಕು ಅಂತ ಅವನ ಆಸೆ. ಗುಜರಿ ಬೆಲೆಗೂ ಮುಷ್ಟಿ ಹಿಡಿದ್ಬುಡ್ತಾನೆ."

ಸಾಬರು ಗಡ್ಡ ಕೆರ್ಕೊಂಡು ಎಂಜಿನ್ನನ್ನೇ ನೋಡಿದರು. ಆಮೇಲೆ, "ನಮ್ಮನೆಯೋಳ್ನ ಕರ್ಕೊಂಡು ಬರ್ತೀನಿ. ನಾನು ಅವಳ ಕೈ ಹಿಡಿತೀನಿ, ಅವಳು ನಿಮ್ಮ ಕೈ ಹಿಡಿತಾಳೆ" ಅಂದರು.

"ಅವ್ರಿಗೆ ಬರ್ತದಾ ಇದು?"

"ಸೀರೆ ಅಂಗಡೀಲಿ ನಲವತ್ತು ವರ್ಷದಿಂದ ನನ್ನ ಬೆರಳು ಮುರೀತಾ ಅವ್ಳೆ. ನನಗಿಂತ ಚೆನ್ನಾಗಿ ಬರ್ತದೆ."

ಮಂಗಳವಾರ ಸಾಯಂಕಾಲ ಅಣ್ಣ ಬಂದ. ಸುದ್ದಿ ಅವನಿಗೆ ಹೆಂಗೆ ಮುಟ್ಟಿತೋ. ಹೊಸ ಟವಲು ಹಾಕ್ಕೊಂಡು ಬಂದಿದ್ದ. ಊಟಕ್ಕೆ ಕೂತಾಗ, "ನಾಳೆ ನಾನು ಕೈ ಕೊಡ್ತೀನಿ ಬುಡು, ನೀನು ಒಳಗಿರು" ಅಂದ.

"ನೀನು ಉಣ್ಣು" ಅಂದೆ.

ಬುಧವಾರ ಕೋಳಿ ಕೂಗೋ ಹೊತ್ತಿಗೆ ಎದ್ದೆ. ತಣ್ಣಗಿರೋ ಎಂಜಿನ್ನಿಗೆ ಹಬೆ ಏರೋಕೆ ಮೂರು ಗಂಟೆ ಬೇಕು. ಗೂಡಿನ ಬೂದಿ ಎಳೆದೆ. ನಲವತ್ತು ಬಿಂದಿಗೆ ನೀರು ಹೊತ್ತು ತುಂಬಿಸಿದೆ. ಬಾಯ್ಲರಿನಲ್ಲಿ ನೀರೆಷ್ಟಿದೆ ಅಂತ ತೋರಿಸೋ ಗಾಜಿನ ಕೊಳವೆ ಒರೆಸಿದೆ. ಜಾಲಿ ಸೌದೆ ಒಟ್ಟಿ ಬೆಂಕಿ ಹಚ್ಚಿದೆ. ಅಣ್ಣ ಎದ್ದು ಬಂದು ಜಗಲಿ ಮೇಲೆ ಕೂತು ನೋಡಿದ. "ಹೆಂಗಸರು ಮಾಡೋ ಕೆಲಸವೇನೇ ಇದು" ಅಂದ. ನಾನು ಇನ್ನೆರಡು ಸೌದೆ ಗೂಡಿಗೆ ತಳ್ಳಿದೆ.

ಬಿಸಿಲು ಏರೋ ಹೊತ್ತಿಗೆ ಪಾವಗಡದವನು ಲಾರಿಯಲ್ಲಿ ಬಂದ. ದಪ್ಪ ಆಳು, ಮಾತಿನಲ್ಲಿ ಅರ್ಧ ತೆಲುಗು. ಜೊತೆಗೆ ಅವನ ಫಿಟ್ಟರು, ಐವತ್ತರ ಮೇಲಿನ ಒಣಕಲು ಮನುಷ್ಯ. ಹಿಂದೆಯೇ ಸಿರಾ ಕಡೆಯಿಂದ ಜಟಕಾದಲ್ಲಿ ಸಾಬರು, ಅವರ ಹೆಂಡತಿ. ಬುರ್ಖಾ ಹಾಕ್ಕೊಂಡಿದ್ದ ಅವರು ಇಳಿದವರೇ ಗುಡಿಸಲ ಬಾಗಿಲಲ್ಲಿ ಕೂತು, "ನೀರು ಕೊಡಮ್ಮ, ಆ ಕುದುರೆಗಿಂತ ನನಗೇ ಆಯಾಸ ಆಯ್ತು" ಅಂದರು. ಊರವರು ಆಗಲೇ ಅರ್ಧ ಸೇರಿದ್ದರು.

"ಏಮಮ್ಮಾ, ಇದು ನಡೀತದಾ, ಇಲ್ಲಾ ಬರೀ ಬೊಂಬೆನಾ?" ಅಂದ ಪಾವಗಡದವನು.

ಡ್ರೈವರ್ ಎಲ್ಲಿ ಅಂತ ಅವನು ಸುತ್ತ ನೋಡ್ತಿರಬೇಕಾದರೆ ನಾನು ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಹಬೆಯ ಮುಳ್ಳು ಸರಿಯಾದ ಕಡೆ ಬಂದಿತ್ತು. ಹಿಡಿ ಎಳೆದೆ. ಐದು ತಿಂಗಳು ಕೂತಿದ್ದು ಒಂದು ಸಲ ನಡುಗಿ, ನೆಲದಲ್ಲಿ ಹೂತಿದ್ದ ಚಕ್ರ ಕಿತ್ತುಕೊಂಡು ಎದ್ದಿತು. ಹುಣಸೇಮರದವರೆಗೆ ಓಡಿಸಿದೆ, ವಾಪಸ್ಸು ತಂದೆ.

ಫಿಟ್ಟರು ಹತ್ತಿ ಎಲ್ಲಾ ಮುಟ್ಟಿ ನೋಡಿದ. "ಬಾಯ್ಲರಿಗೆ ನೀರು ತಳ್ಳೋ ಪಂಪು ಸರಿ ಐತಾ?" ಅಂತ ಕೇಳಿದ.

"ಇಲ್ಲ. ಒಂದೊಂದು ಸಲ ಹಿಡ್ಕೊಂತದೆ. ಪಕ್ಕದಾಗೆ ಸುತ್ತಿಗೇಲಿ ಎರಡು ಏಟು ಕೊಟ್ರೆ ಬಿಡ್ತದೆ" ಅಂದೆ.

ಸಾಬರು ಹಣೆಗೆ ಕೈ ಹಚ್ಚಿದರು. "ಎತ್ತೇ ಬಾಯಿ ತೆಗೆದು ನನಗೆ ಹಲ್ಲಿಲ್ಲ ಅಂದಂಗಾಯ್ತಲ್ಲಮ್ಮ."

ಪಂಪು ಹಿಡ್ಕೊಂಡಿದ್ದು ಗೊತ್ತಾಗದೆ ಬಾಯ್ಲರಿನಲ್ಲಿ ನೀರು ಇಳಿದರೆ ಓಡಿಸೋನು ಸಾಯ್ತಾನೆ. ಅದನ್ನ ಮುಚ್ಚಿಟ್ಟು ಮಾರೋಕೆ ಅದೇನು ಎಮ್ಮೆಯಾ. ಹೇಳಿದ್ದಕ್ಕೆ ನನಗೆ ನಷ್ಟವೇ ಆಯ್ತು, ಪಾವಗಡದವನು ಅದನ್ನೇ ಹಿಡಿದು ಬೆಲೆ ಇಳಿಸೋಕೆ ಶುರು ಮಾಡಿದ.

ವ್ಯಾಪಾರಕ್ಕೆ ಕೂತರು. ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಪಾವಗಡದವನು. ಹತ್ತು ಹೆಜ್ಜೆ ಈಚೆ, ಗುಡಿಸಲ ಬಾಗಿಲಲ್ಲಿ ಸಾಬರ ಹೆಂಡತಿ, ಅವರ ಪಕ್ಕ ನಾನು. ಅಣ್ಣ ಎದ್ದು ಟವಲು ಸರಿ ಮಾಡ್ಕೊಂಡು ಮುಂದೆ ಬಂದ.

"ನೀನು ಕೂತ್ಕೊ. ನನ್ನ ಕೈ ಇಲ್ಲೈತೆ" ಅಂದೆ.

ಅಣ್ಣನ ಮುಖ ಸಣ್ಣಗಾಯ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಾಬರು ಪಾವಗಡದವನ ಹತ್ತಿರ ಟವಲು ಹೊದಿಸಿ ಕೈ ಹಿಡಿದು, ಅಲ್ಲಿಂದ ಎದ್ದು ಬಂದು ಹೆಂಡತಿಯ ಮುಂದೆ ಕೂತು ಅದೇ ಟವಲು ಹೊದಿಸಿದಾಗ ಯಾರೋ ಹಿಂದಿನಿಂದ, "ನೋಡ್ಲಾ, ಸಾಬರು ಈ ವಯಸ್ಸಲ್ಲಿ ಊರ ಮುಂದೆ ಹೆಂಡ್ತಿ ಕೈ ಹಿಡ್ಕೊಂಡವ್ರೆ" ಅಂದ. ಎಲ್ಲಾ ನಕ್ಕರು. ಸಾಬರ ಹೆಂಡತಿ ಬುರ್ಖಾದ ಒಳಗಿನಿಂದಲೇ, "ನಿಂಗೆ ಯಾರೂ ಹಿಡ್ಕೊಳ್ಳೋರಿಲ್ವೇನಪ್ಪ ಪಾಪ" ಅಂದರು.

ಅವರು ನನ್ನ ಸೆರಗಿನ ಕೆಳಗೆ ನನ್ನ ಕೈ ತಗೊಂಡರು. ನನ್ನ ಕೈಯೆಲ್ಲಾ ಮಸಿ, ಎಣ್ಣೆ. ಅವರದು ಮದರಂಗಿ ಹಚ್ಚಿದ ಮೆತ್ತನೆ ಕೈ. ಎರಡು ಬೆರಳು ಹಿಡಿದರು.

ಮಿಷನ್ನಿನ ಬೆಲೆ ನಾಲ್ಕು ಬೆರಳು. ಕೈ ಸಡಿಲ ಬಿಟ್ಟೆ.

ಸಾಬರು ಆ ಕಡೆ ಹೋದರು, ಬಂದರು. ಎರಡು ಬೆರಳು, ಅಂಗೈ ಮೇಲೊಂದು ಗೀರು. ಸಡಿಲ ಬಿಟ್ಟೆ. ಮತ್ತೆ ಹೋದರು, ಬಂದರು. ಮೂರು. ಸಡಿಲ ಬಿಟ್ಟೆ. ಆ ಬಿಸಿಲಲ್ಲಿ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ಓಡಾಡಿ ಸಾಬರ ಬೆನ್ನು ಒದ್ದೆಯಾಯ್ತು. "ದನದ ಸಂತೇಲಿ ಇಬ್ಬರೂ ಪಕ್ಕದಾಗೇ ಕೂತಿರ್ತಾರೆ" ಅಂತ ಗೊಣಗಿದರು.

ಅಷ್ಟೊತ್ತಿಗೆ ಅಣ್ಣ ನನ್ನ ಹಿಂದೆ ಬಂದು ಬಗ್ಗಿ, "ಸಾಕು, ಒಪ್ಕೊಂಬುಡೇ" ಅಂದ.

"ಎಷ್ಟಕ್ಕೆ ಬಂದೈತೆ ಅಂತ ಗೊತ್ತಾ ನಿಂಗೆ?"

"ಎಷ್ಟಾದ್ರೇನು."

ಎಷ್ಟಾದ್ರೇನು ಅಂದ. ಅವನು ಅದನ್ನ ಕೆಟ್ಟ ಮನಸ್ಸಿಂದ ಹೇಳಲಿಲ್ಲ. ತಂಗಿ ಒಬ್ಬಳೇ ಪೇಟೆಯಲ್ಲಿ ಮಿಷನ್ನು ತಿರುಗಿಸ್ತಾಳೆ ಅಂತ ಜನ ಅಂದರೆ ಅವನಿಗೆ ನಾಚಿಕೆ. ಅವನ ಕೈ ಬೇಡ ಅಂದಿದ್ದು ಒಳ್ಳೆಯದಾಯ್ತು ಅಂದುಕೊಂಡೆ.

ನಾಲ್ಕನೇ ಸಲ ಸಾಬರು ಬಂದಾಗ ಮೂರು ಬೆರಳು, ಒಂದು ಗೀರು. ಮಿಷನ್ನಿಗೆ ಅರ್ಧ ಬೆರಳು ಕಮ್ಮಿ. "ಇದೇ ಕೊನೆ ಅಂತಾವ್ನೆ ಅಮ್ಮ. ಪಂಪಿನ ಮಾತು ನೀವು ಹೇಳ್ದೆ ಇದ್ದಿದ್ರೆ..." ಅಂತ ಅಲ್ಲಿಗೇ ನಿಲ್ಲಿಸಿದರು. ಮರದ ಕೆಳಗೆ ಪಾವಗಡದವನು ಎದ್ದು ಪಂಚೆ ಕೊಡವಿಕೊಂಡ. ಲಾರಿ ಕಡೆ ಎರಡು ಹೆಜ್ಜೆ ಇಟ್ಟ.

ಅರ್ಧ ಬೆರಳು ಮಿಷನ್ನಿನ ಮುದುಕ ಬಿಟ್ಟುಕೊಡ್ತಾನಾ ಅಂತ ಯೋಚನೆ ಮಾಡಿದೆ. ಬಿಟ್ಟುಕೊಡೋನಲ್ಲ. ಇದೂ ಹೋದರೆ ಗುಜರಿಯವನೇ ಗತಿ. ಮುಷ್ಟಿ ಮುಚ್ಚೋಕೆ ಬೆರಳು ಮಡಿಸ್ತಿದ್ದೆ.

ಸಾಬರ ಹೆಂಡತಿ ನನ್ನ ಬೆರಳುಗಳ ನಡುವೆ ತಮ್ಮ ಬೆರಳು ಇಟ್ಟು ಮಡಿಸೋಕೆ ಬಿಡಲಿಲ್ಲ. ಮೆಲ್ಲಗೆ ಕೇಳಿದರು:

"ಆ ಒಣಕಲು ಮನುಷ್ಯ ಯಾಕಮ್ಮ ನಿಮ್ಮ ಸೌದೇನ ಅದಕ್ಕೆ ಏರಿಸ್ತಾ ಅವ್ನೆ?"

ತಿರುಗಿ ನೋಡಿದೆ. ಎಲ್ಲರ ಕಣ್ಣು ಟವಲಿನ ಮೇಲೆ, ಎಂಜಿನ್ನಿನ ಕಡೆ ಯಾರೂ ನೋಡ್ತಿರಲಿಲ್ಲ. ಫಿಟ್ಟರು ನನ್ನ ಒಟ್ಟಿಲಿನ ಜಾಲಿ ಸೌದೆ ಒಂದೊಂದೇ ತಗೊಂಡು ಎಂಜಿನ್ನಿನ ಹಿಂದಿನ ಪೆಟ್ಟಿಗೆಗೆ ಜೋಡಿಸ್ತಿದ್ದ. ದಪ್ಪದ್ದು ಕೆಳಗೆ, ಸಣ್ಣದು ಮೇಲೆ. ದೂರದ ದಾರಿಗೆ ಹೊರಡಬೇಕಾದರೆ ಹಂಗೆ ಜೋಡಿಸೋದು. ಅದು ಸಾಬರ ಹೆಂಡತಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಏಳು ವರ್ಷ ಹಂಗೇ ಜೋಡಿಸಿದವಳು ನಾನು. ಬಿಟ್ಟು ಹೋಗೋ ಎಂಜಿನ್ನಿಗೆ ಪಾವಗಡದವರೆಗಿನ ಸೌದೆ ಯಾರೂ ಏರಿಸಲ್ಲ. ತಗೊಂಡೇ ಹೋಗೋದು ಅಂತ ಪಾವಗಡದವನೂ ಫಿಟ್ಟರೂ ಬರೋಕೆ ಮುಂಚೆಯೇ ಮಾತಾಡ್ಕೊಂಡಿದ್ದರು. ಪಾಪ, ಫಿಟ್ಟರಿಗೆ ಬಾಯ್ಲರ್ ಗೊತ್ತು, ದನದ ವ್ಯಾಪಾರ ಗೊತ್ತಿರಲಿಲ್ಲ.

"ಅವನು ಹಗ್ಗ ಬಿಚ್ಚಿದ್ದಾನೆ" ಅಂತ ಸಾಬರ ಹೆಂಡತಿಯ ಕಿವಿಯಲ್ಲಿ ಹೇಳಿದೆ.

ಅವರಿಗೆ ಅಷ್ಟೇ ಸಾಕಾಯ್ತು. ನನ್ನ ಕೈಯನ್ನ ತಮ್ಮ ಎರಡೂ ಕೈಯಲ್ಲಿ ಇಟ್ಕೊಂಡು ತೊಡೆ ಮೇಲೆ ಇರಿಸ್ಕೊಂಡರು. ಗಂಡನಿಗೆ, "ಹೋಗಿ ನೆರಳಲ್ಲಿ ಕೂತ್ಕೊಳ್ಳಿ. ನಮಗೆ ಅವಸರ ಇಲ್ಲ" ಅಂದರು.

ಸಾಬರು ನಮ್ಮಿಬ್ಬರನ್ನೂ ನೋಡಿದರು, ಆಮೇಲೆ ಎಂಜಿನ್ನಿನ ಕಡೆ ನೋಡಿದರು. ಗಡ್ಡದೊಳಗೆ ನಕ್ಕಂಗೆ ಕಂಡಿತು. ಹೋಗಿ ಜಟಕಾದ ಕುದುರೆಗೆ ಹುಲ್ಲು ಹಾಕ್ತಾ ನಿಂತರು.

ಲಾರಿಯವರೆಗೆ ಹೋಗಿದ್ದ ಪಾವಗಡದವನು ಯಾರೂ ಕರೀದಿದ್ದಕ್ಕೆ ಹಿಂದೆ ತಿರುಗಿದ. ಅವನ ಕಣ್ಣಿಗೂ ಸೌದೆ ಬಿತ್ತು. ಫಿಟ್ಟರನ್ನ ತೆಲುಗಿನಲ್ಲಿ ಏನೋ ಬೈದ. ಫಿಟ್ಟರು ಕೈಯಲ್ಲಿದ್ದ ಸೌದೆಯನ್ನ ಎಲ್ಲಿಡಬೇಕು ಅಂತ ಗೊತ್ತಾಗದೆ ಹಿಡ್ಕೊಂಡೇ ನಿಂತ. ಸೇರಿದ್ದವರಿಗೆ ಅರ್ಥ ಆಗೋಕೆ ಒಂದು ಗಳಿಗೆ ಬೇಕಾಯ್ತು. ಆಮೇಲೆ ಒಬ್ಬ, "ಏನಣ್ಣೋ, ಎತ್ತು ಆಗಲೇ ಗಾಡಿಗೆ ಹೂಡ್ಬುಟ್ಟಂಗೈತಲ್ಲಾ" ಅಂದ.

ಪಾವಗಡದವನು ಬಂದು ಕಲ್ಲಿನ ಮೇಲೆ ಕೂತ. "ರಾವಯ್ಯಾ, ರಾ" ಅಂತ ಸಾಬರನ್ನ ಕರೆದು ಕೈ ಕೊಟ್ಟ. ಸಾಬರು ನಿಧಾನವಾಗಿ ನಮ್ಮ ಹತ್ತಿರ ಬಂದರು. ಹೆಂಡತಿಯ ಕೈ ಹಿಡಿದರು. ಅವರು ನನ್ನ ಕೈ ಹಿಡಿದರು. ಒಂದು, ಎರಡು, ಮೂರು, ನಾಲ್ಕು. ಗೀರು ಇರಲಿಲ್ಲ.

ಮುಷ್ಟಿ ಬಿಗಿ ಹಿಡಿದೆ. ಅವರಿಗೆ ನೋವಾಗಿರಬೇಕು, "ಬುಡಮ್ಮ, ಬೆರಳು ನಂದು" ಅಂದರು. ಸಾಬರು ಟವಲು ಕೊಡವಿ ಹೆಗಲಿಗೆ ಹಾಕ್ಕೊಂಡರು. ವ್ಯಾಪಾರ ಮುಗೀತು. ನಾಲ್ಕು ಬೆರಳು ಅಂದರೆ ಎಷ್ಟು ಅಂತ ಆಗಲೂ ಊರಿಗೆ ಹೇಳಲಿಲ್ಲ, ಈಗಲೂ ಬರೆಯಲ್ಲ.

ಸಾಬರ ಹೆಂಡತಿಯ ಮದರಂಗಿ ಕೈ ನನ್ನ ಮಸಿಯಿಂದ ಕರ್ರಗಾಗಿತ್ತು. ಬಚ್ಚಲಲ್ಲಿ ಬೂದಿ ಹಾಕಿ ಇಬ್ಬರೂ ಕೈ ಉಜ್ಜಿಕೊಂಡೆವು. "ದಲ್ಲಾಳಿಯಲ್ಲಿ ಅರ್ಧ ನಂದು ಅಂತ ಜಟಕಾದಲ್ಲಿ ಹೇಳ್ತೀನಿ. ಈಗಲೇ ಹೇಳಿದ್ರೆ ನಡ್ಕೊಂಡು ಬಾ ಅಂತಾರೆ" ಅಂದರು.

ಎಂಜಿನ್ನನ್ನ ಫಿಟ್ಟರೇ ಓಡಿಸ್ಕೊಂಡು ಹೋದ. ಪಾವಗಡಕ್ಕೆ ಅದು ಎರಡು ದಿನದ ದಾರಿ. ಹೊರಡೋ ಮುಂಚೆ ಸುತ್ತಿಗೆ ಕೊಟ್ಟು, ಪಂಪಿಗೆ ಎಲ್ಲಿ ಹೊಡೀಬೇಕು ಅಂತ ತೋರಿಸಿದೆ. ಏರಿಸಿದ್ದ ಸೌದೆಗೆ ಬೇರೆ ದುಡ್ಡು ಕೇಳಲಿಲ್ಲ. ಹೊಗೆ ತಿರುವಿನವರೆಗೆ ಕಂಡಿತು, ಆಮೇಲೆ ಕಾಣಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಎರಡು ಹಳ್ಳ ಬಿದ್ದಿದ್ದವು.

ಅಣ್ಣ ಸಾಯಂಕಾಲದ ಬಸ್ಸಿಗೆ ಹೊರಟ. ಬಸ್ಸು ಬಂದಾಗ, "ನನ್ನ ಕೈಯಾಗಿದ್ರೆ ಅಷ್ಟು ಬರ್ತಿರಲಿಲ್ಲ ಅಂತೀಯ" ಅಂದ.

"ಬರ್ತಿರಲಿಲ್ಲ."

ಹೊಸ ಟವಲು ಹೆಗಲ ಮೇಲೆ ಸರಿ ಮಾಡ್ಕೊಂಡು, "ಹಬ್ಬಕ್ಕಾದ್ರೂ ಬಾ" ಅಂತ ಹತ್ತಿಕೊಂಡ.

ಮಾರನೇ ದಿನ ಬೆಳಿಗ್ಗೆ ಎದ್ದು ಉಳಿದ ಮುದ್ದೆಯನ್ನ ಮಜ್ಜಿಗೆಗೆ ಕಿವುಚಿ ಕುಡಿದೆ. ಎರಡು ಸೇರು ರಾಗಿ ಗಂಟು ಕಟ್ಟಿಕೊಂಡು ಮೊದಲನೇ ಬಸ್ಸಿಗೆ ಮಧುಗಿರಿಗೆ ಹೋದೆ. ಮುದುಕನಿಗೆ ಕೊಡಬೇಕಾದ್ದು ಕೊಟ್ಟೆ. "ಎಂಜಿನ್ ಹ್ಯಾಂಡಲ್ ತಿರುಗಿಸೋಕೆ ಯಾರನ್ನಾದ್ರೂ ಕರೀಲೇನಮ್ಮ" ಅಂದ. ಬೇಡ ಅಂದೆ. ಎರಡು ಸಲ ತಿರುಗಿಸಿದೆ, ಹಿಡೀಲಿಲ್ಲ. ಮೂರನೇ ಸಲಕ್ಕೆ ಹಿಡೀತು. ನನ್ನ ರಾಗಿ ಹಾಕಿ ಬೀಸಿದೆ. ಅದು ಇಳಿಯೋಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಹೆಂಗಸರು ಪುಟ್ಟಿ ಇಟ್ಕೊಂಡು ನಿಂತಿದ್ದರು. ಹಿಟ್ಟು ಬಾಚಿಕೊಂಡು, ಅಂಗಡಿಗೆ ಹೋಗಿ ಒಂದು ಸೇರು ಉಪ್ಪು ತಂದು ಹಿಂದಿನ ಕೋಣೆಯಲ್ಲಿಟ್ಟೆ. ಆಮೇಲೆ ಅವರ ಪುಟ್ಟಿ ತಗೊಂಡೆ.